ಭಾನುವಾರ ಒಂಬತ್ತಕ್ಕೆ ಕ್ಯಾಷಿಯರ್ ಜೊತೆ

ನನಗೀಗ ಎಪ್ಪತ್ತೈದು. ಓದಿದ್ದು ಬಿ.ಕಾಂ. 1973ರಿಂದ 2010ರವರೆಗೆ ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರು ಬರೆದೆ. ಮನೆಯಲ್ಲಿ ಫ್ಯೂಸ್ ಹೋದರೆ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡಿ, ಅವನು ಬರುವ ತನಕ ಕತ್ತಲಲ್ಲಿ ಕೂರುತ್ತಿದ್ದ ಮನುಷ್ಯ ನಾನು. ಅಂಥವನು ಅರವತ್ತೇಳನೆಯ ವಯಸ್ಸಿನಲ್ಲಿ ಸೋಲ್ಡರಿಂಗ್ ಕಡ್ಡಿ ಹಿಡಿದು, ಟೆರೇಸಿನ ಮೇಲೆ ಇಪ್ಪತ್ತು ಮೀಟರ್ ತಂತಿ ಎಳೆದು, ‘ಡಿ ಡಾ ಡಿ’ ಎಂದು ಗೊಣಗುತ್ತಾ ಮೈಸೂರಿನ ಬೀದಿಗಳಲ್ಲಿ ವಾಕಿಂಗ್ ಹೋಗತೊಡಗಿದರೆ ಹೆಂಡತಿಗೆ ಗಾಬರಿಯಾಗದೆ ಇರುತ್ತದೆಯೇ? “ಏನ್ರೀ, ಯಾರ ಜೊತೆ ಮಾತಾಡ್ತಿದೀರ?” ಎಂದಳು. “ಸದ್ಯಕ್ಕೆ ಯಾರ ಜೊತೆಗೂ ಇಲ್ಲ. ಲೈಸೆನ್ಸ್ ಬರಬೇಕು” ಎಂದೆ. ಅದನ್ನು ಕೇಳಿ ಅವಳ ಗಾಬರಿ ಇನ್ನೂ ಹೆಚ್ಚಾಯಿತು.

ಈ ಕಥೆ ಶುರುವಾಗಿದ್ದು ಮಾತ್ರ ಸಾಗರದಲ್ಲಿ. 1982ರಿಂದ ನಾಲ್ಕು ವರ್ಷ ನಾನು ಅಲ್ಲಿನ ಶಾಖೆಯಲ್ಲಿದ್ದೆ. ಅಲ್ಲೊಬ್ಬರು ಕ್ಯಾಷಿಯರ್. ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಊರ ಹತ್ತಿರವೇ ಅಡಿಕೆ ತೋಟದ ಮನೆ. ನೋಟು ಎಣಿಸುವಾಗ ಅವರ ಬೆರಳು ಓಡುವುದನ್ನು ನೋಡಲೆಂದೇ ಗಿರಾಕಿಗಳು ನಿಲ್ಲುತ್ತಿದ್ದರು. ಅವರಿಗೆ ಇನ್ನೊಂದು ಹುಚ್ಚಿತ್ತು: ಹ್ಯಾಮ್ ರೇಡಿಯೊ. ಹವ್ಯಾಸಿ ರೇಡಿಯೊ ಎಂದೂ ಹೇಳುತ್ತಾರೆ. ಆಕಾಶವಾಣಿಯ ಹಾಗೆ ಬರೀ ಕೇಳುವ ರೇಡಿಯೊ ಅಲ್ಲ, ಕೇಳಿ ಉತ್ತರವನ್ನೂ ಕೊಡುವ ರೇಡಿಯೊ. ಸರಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದವರು ತಮ್ಮದೇ ಯಂತ್ರದಿಂದ ಪ್ರಪಂಚದ ಇನ್ನಾವುದೋ ಮೂಲೆಯ ಹ್ಯಾಮ್ ಜೊತೆ ಮಾತಾಡಬಹುದು. ಹಣ ಸಂಪಾದನೆಗೆ ಬಳಸುವಂತಿಲ್ಲ. ವ್ಯಾಪಾರದ ಮಾತು ಆಡುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತ. ನಮ್ಮ ದೇಶದವರದು ‘ವಿಯು’ ಎಂಬ ಅಕ್ಷರಗಳಿಂದ ಶುರುವಾಗುತ್ತದೆ.

ಆಗ ಮನೆಯ ಸಾಮಾನ್ಯ ರೇಡಿಯೊಗೂ ಲೈಸೆನ್ಸ್ ಬೇಕಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬುವುದಿಲ್ಲ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಪುಟ್ಟ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. ಅಂಥ ಕಾಲದಲ್ಲಿ ಈ ಕ್ಯಾಷಿಯರ್ ತಮ್ಮ ಅಟ್ಟದ ಮೇಲೆ 807 ಎಂಬ ವಾಲ್ವ್ ಹಾಕಿ ಸ್ವಂತ ಟ್ರಾನ್ಸ್‌ಮಿಟರ್ ಕಟ್ಟಿಕೊಂಡಿದ್ದರು. ಅಡಿಕೆ ಕೊಯ್ಯಲು ಬಂದ ಕೊನೆಗೌಡನ ಕೈಲೇ ಎರಡು ಮರಗಳ ತುದಿಗೆ ಏರಿಯಲ್ ತಂತಿ ಕಟ್ಟಿಸಿದ್ದರು. ಹೀಗೆ ಮಾತಾಡಿದ ಮೇಲೆ ಒಬ್ಬರಿಗೊಬ್ಬರು ಒಂದು ಕಾರ್ಡು ಕಳಿಸಿಕೊಳ್ಳುವುದು ಹ್ಯಾಮ್‌ಗಳ ಪದ್ಧತಿ. ಕ್ಯೂಎಸ್‌ಎಲ್ ಕಾರ್ಡ್ ಎಂದು ಹೆಸರು. ಮನೆಗೆ ಅಂಚೆಯವನು ದಿನಾ ಬಾರದ ಕಾರಣ ಅವರ ಕಾರ್ಡುಗಳು ಬ್ಯಾಂಕಿನ ವಿಳಾಸಕ್ಕೆ ಬರುತ್ತಿದ್ದವು. ಜಪಾನಿನಿಂದ ಬಂತು, ಇಟಲಿಯಿಂದ ಬಂತು. ಹೆಚ್ಚಾಗಿ ಬರುತ್ತಿದ್ದುದು ಸೋವಿಯತ್ ದೇಶದಿಂದ. ಅಲ್ಲಿನ ಎಲ್ಲ ಹ್ಯಾಮ್‌ಗಳಿಗೂ ಒಂದೇ ವಿಳಾಸ: ಬಾಕ್ಸ್ 88, ಮಾಸ್ಕೋ.

ಆ ‘ಬಾಕ್ಸ್ 88’ ನೋಡಿಯೇ ನನಗೊಂದು ತಮಾಷೆ ಹೊಳೆದದ್ದು. ಮಧ್ಯಾಹ್ನ ಚಹಾದ ಹೊತ್ತಿಗೆ, “ನಮ್ಮ ಕ್ಯಾಷಿಯರ್ ರಷ್ಯದ ಸ್ಪೈ ಕಣ್ರೀ, ರಾತ್ರಿ ಮಾಸ್ಕೋಗೆ ನಮ್ಮ ಶಾಖೆಯ ಡೇಬುಕ್ ಓದಿ ಹೇಳ್ತಾರೆ” ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ಜನ ನಕ್ಕ ಮೇಲೆ ಇನ್ನೇನು, ಚಹಾ ಅಂಗಡಿಯಲ್ಲಿ ಹೇಳಿದೆ, ಕ್ಷೌರದಂಗಡಿಯಲ್ಲಿ ಹೇಳಿದೆ. ಮೂರು ವಾರದಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. 1984ರ ಬೇಸಿಗೆಯ ಒಂದು ಬೆಳಿಗ್ಗೆ ಅವರ ತೋಟದ ಮನೆಗೆ ಪೊಲೀಸ್ ಪೇದೆ ಬಂದ.

ಇವರು ಲೈಸೆನ್ಸ್ ತೋರಿಸಿದರು, ಯಾರ ಜೊತೆ ಯಾವ ಹೊತ್ತಿಗೆ ಮಾತಾಡಿದೆ ಎಂದು ಬರೆದಿಡುವ ಲಾಗ್ ಪುಸ್ತಕ ತೋರಿಸಿದರು. ಪೇದೆ ನೋಡಿ, ಚಹಾ ಕುಡಿದು ಹೋದ. ಕಾನೂನಿನ ಪ್ರಕಾರ ಅಲ್ಲಿಗೆ ಮುಗಿಯಿತು. ಆದರೆ ಅವರ ತಂದೆ ಹೆದರಿಬಿಟ್ಟರು. ಮರ್ಯಾದೆಯ ಮನೆಯ ಅಂಗಳಕ್ಕೆ ಪೊಲೀಸ್ ಬಂದದ್ದು ಅವರ ಜೀವಮಾನದಲ್ಲೇ ಮೊದಲು. ಅದೇ ಸಂಜೆ ಕೊನೆಗೌಡನನ್ನು ಕರೆಸಿ ಎರಡು ಮರದ ತಂತಿಯನ್ನೂ ಇಳಿಸಿದರು. ಮಗ ಎದುರಾಡಲಿಲ್ಲ. ಶಾಖೆಗೆ ಬಂದು ಎಂದಿನಂತೆ ನೋಟು ಎಣಿಸಿದರು. ಕಾರ್ಡು ಬರುವುದು ಮೆಲ್ಲಗೆ ನಿಂತುಹೋಯಿತು. ಯಾರು ಸುದ್ದಿ ಹಬ್ಬಿಸಿದ್ದೆಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ.

ಆ ವರ್ಷದ ಕೊನೆಗೆ ರಾಜೀವ್ ಗಾಂಧಿ ಪ್ರಧಾನಿಯಾದರು. ಅವರೂ ಹ್ಯಾಮ್, ಕರೆಸಂಕೇತ ವಿಯು2ಆರ್‌ಜಿ. ಪತ್ರಿಕೆಯಲ್ಲಿ ಅದನ್ನು ಓದಿದ ಕ್ಯಾಷಿಯರ್ ಆ ಪುಟವನ್ನು ಮಡಚಿ ಕಿಸೆಗೆ ಹಾಕಿಕೊಂಡು ಹೋಗಿ ಅಪ್ಪನ ಮುಂದಿಟ್ಟರಂತೆ. “ಪ್ರಧಾನಿಯೇ ಮಾಡುವುದಾದರೆ ಕಟ್ಟು” ಎಂದರಂತೆ ತಂದೆ. ತಂತಿ ಮತ್ತೆ ಮೇಲೇರಿತು. ನನಗೆ ಸಮಾಧಾನವಾಯಿತು, ಆದರೆ ಪೂರ್ತಿ ಅಲ್ಲ. “ನೀವೂ ಕಲೀರಿ ಮಾರಾಯ್ರೆ, ಕೈಗೆ ಒಳ್ಳೆ ಕೆಲಸ” ಎಂದು ಅವರು ಎಷ್ಟೋ ಸಲ ಕರೆದರೂ ನಾನು ಆ ಅಟ್ಟ ಹತ್ತಲಿಲ್ಲ. ಕಾರಣ ಈಗ ನಿಮಗೆ ಗೊತ್ತಾಗಿರಬಹುದು.

ವರ್ಗವಾಯಿತು, ಊರು ಬದಲಾಯಿತು. ಯುಗಾದಿ ದೀಪಾವಳಿಗೆ ಫೋನು ಮಾತ್ರ ತಪ್ಪಲಿಲ್ಲ. 2016ರ ದೀಪಾವಳಿಗೆ ನಾನು ಫೋನು ಮಾಡಿದಾಗ ಅವರ ಮಗ ಎತ್ತಿಕೊಂಡ. ಗಂಟಲಿನಲ್ಲಿ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತಂತೆ. ಜೀವಕ್ಕೆ ಅಪಾಯವಿಲ್ಲ, ಕತ್ತಿನಲ್ಲಿ ಮಾಡಿರುವ ರಂಧ್ರದಿಂದ ಉಸಿರಾಡುತ್ತಾರೆ. ಆದರೆ ಇನ್ನು ಮಾತಿಲ್ಲ.

ನೋಡಲು ಹೋದೆ. ಸ್ಲೇಟು ಹಿಡಿದುಕೊಂಡು ಕೂತಿದ್ದರು. ಮೊಬೈಲಿನಲ್ಲಿ ಮೆಸೇಜು ಮಾಡಬಹುದಲ್ಲ ಎನ್ನುತ್ತೀರಿ. ಮಾಡುತ್ತಿದ್ದರು, ಎರಡೇ ಪದ: ‘ಕ್ಷೇಮ. ನೀವು?’ ಕೂತಲ್ಲಿ ಮಂಕಾಗಿದ್ದ ಮನುಷ್ಯ ಸಂಜೆ ನನ್ನ ಕೈ ಹಿಡಿದು ಅಟ್ಟಕ್ಕೆ ಕರೆದುಕೊಂಡು ಹೋದರು. ಮೂವತ್ತು ವರ್ಷ ಹತ್ತದ ಅಟ್ಟ. ಹಿತ್ತಾಳೆಯ ಮೋರ್ಸ್ ಕೀ ಮೇಲೆ ಮೂರು ಬೆರಳಿಟ್ಟು ಒತ್ತತೊಡಗಿದರು. ಪೆಟ್ಟಿಗೆಯಿಂದ ಕೂಗು ಹೊರಟಿತು, ಬೇರೆಲ್ಲಿಂದಲೋ ಉತ್ತರ ಬಂತು, ಇವರು ಅದಕ್ಕೆ ಮರುತ್ತರ ಕೊಟ್ಟರು. ಮುಖ ಬೆಳಗಿತು, ಹುಬ್ಬು ಹಾರಿತು, ಭುಜ ಕುಣಿಯಿತು. ಹಿಂದೆ ಕೌಂಟರಿನಲ್ಲಿ ಹರಟುತ್ತಿದ್ದ ಅದೇ ಮನುಷ್ಯ. ಧ್ವನಿ ಹೋದರೂ ಇಲ್ಲೊಂದು ಕಡೆ ಅವರಿಗೆ ಮಾತಿತ್ತು, ಆ ಮಾತು ನನಗೆ ಬರುತ್ತಿರಲಿಲ್ಲ. ಹೊರಡುವಾಗ ಒಂದು ಹಳೆಯ ಕೀಯನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು.

ಮೈಸೂರಿಗೆ ಬಂದು ವಿಚಾರಿಸಿದೆ. ನಮ್ಮಲ್ಲಿ ಹ್ಯಾಮ್ ಲೈಸೆನ್ಸಿಗೆ ಎರಡು ದರ್ಜೆ. ಒಂದು ರಿಸ್ಟ್ರಿಕ್ಟೆಡ್, ಅದಕ್ಕೆ ಮೋರ್ಸ್ ಬೇಡ. ರೇಡಿಯೊ ತತ್ವ ಮತ್ತು ನಿಯಮಗಳ ಲಿಖಿತ ಪರೀಕ್ಷೆ ಮಾತ್ರ, ಕರೆಸಂಕೇತ ವಿಯು3ರಿಂದ ಶುರು. ಇನ್ನೊಂದು ಜನರಲ್. ಅದಕ್ಕೆ ಲಿಖಿತದ ಜೊತೆ ಮೋರ್ಸ್ ಕಳಿಸುವ ಮತ್ತು ಕೇಳಿ ಬರೆಯುವ ಪರೀಕ್ಷೆಯೂ ಉಂಟು. ನಿಮಿಷಕ್ಕೆ ಎಂಟು ಪದ, ಅಂದರೆ ನಲವತ್ತು ಅಕ್ಷರ. ಹನ್ನೆರಡು ವರ್ಷ ತುಂಬಿದ ಯಾರು ಬೇಕಾದರೂ ಕೂರಬಹುದು, ಮೇಲಿನ ವಯಸ್ಸು ನನಗೆ ಅಡ್ಡ ಬರಲಿಲ್ಲ. ನನಗೆ ಸುಲಭದ ದಾರಿ ಪ್ರಯೋಜನವಿರಲಿಲ್ಲ, ಎರಡನೆಯದೇ ಬೇಕಿತ್ತು.

ಲಿಖಿತ ಪರೀಕ್ಷೆಗೆ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಓಮ್‌ನ ನಿಯಮ ಒಂದು ಸರಳ ಭಾಗಾಕಾರ. ಡೆಸಿಬೆಲ್ ಎಂದರೆ ಲಾಗರಿದಮ್. ಚಕ್ರಬಡ್ಡಿಗೆ ಲಾಗ್ ಟೇಬಲ್ ತಿರುವಿದ ಬಿ.ಕಾಂ. ಕಾಲದ ನೆನಪು ಉಪಯೋಗಕ್ಕೆ ಬಂತು. ಮೂರು ಡೆಸಿಬೆಲ್ ಏರಿದರೆ ಶಕ್ತಿ ದುಪ್ಪಟ್ಟು, ಹತ್ತು ಏರಿದರೆ ಹತ್ತು ಪಟ್ಟು. ನಿಯಮಗಳ ಭಾಗವಂತೂ ಬ್ಯಾಂಕಿನ ಸುತ್ತೋಲೆಗಳನ್ನು ಬಾಯಿಪಾಠ ಮಾಡಿದವನಿಗೆ ಬೆಲ್ಲ.

ತೊಂದರೆ ಕೊಟ್ಟಿದ್ದು ಮೋರ್ಸ್. ಚುಕ್ಕಿ ಗೆರೆಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ ಒಂದು ತಿಂಗಳು ಬಾಯಿಪಾಠ ಮಾಡಿದೆ. ಪಟ್ಟಿ ಬಂತು, ಕಿವಿಗೆ ಏನೂ ಬರಲಿಲ್ಲ. ಶಬ್ದ ಕೇಳಿ, ಅದನ್ನು ಮನಸ್ಸಿನಲ್ಲಿ ಚುಕ್ಕಿ ಗೆರೆ ಮಾಡಿ, ಪಟ್ಟಿಯಲ್ಲಿ ಹುಡುಕುವಷ್ಟರಲ್ಲಿ ಮುಂದಿನ ಮೂರು ಅಕ್ಷರ ಹೋಗಿರುತ್ತಿದ್ದವು. ಆಗ ಎಂಟು ವರ್ಷದವಳಾಗಿದ್ದ ಮೊಮ್ಮಗಳು ಪಕ್ಕದಲ್ಲಿ ಆಡುತ್ತಾ ಆಡುತ್ತಾ ಅಕ್ಷರಗಳನ್ನು ಹೇಳಿಬಿಡುತ್ತಿದ್ದಳು. ಪಟ್ಟಿಯನ್ನು ಅವಳು ನೋಡಿಯೇ ಇರಲಿಲ್ಲ. “ತಾತ, ಅದು ಹಾಡು. ಎಣಿಸಬೇಡ, ಕೇಳು” ಎಂದಳು.

ಹಾಡು ಎಂದಾಗ ನನಗೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ನೆನಪಾದರು. ಲಘು, ಗುರು! ಚುಕ್ಕಿಯೇ ಲಘು, ಗೆರೆಯೇ ಗುರು. ಮೂರು ಮೂರು ಅಕ್ಷರದ ಎಂಟು ಗಣಗಳಿವೆಯಲ್ಲ. ಮೋರ್ಸ್‌ನಲ್ಲೂ ಮೂರು ಗುರುತಿನ ಅಕ್ಷರಗಳು ಸರಿಯಾಗಿ ಎಂಟೇ. ಗುರು-ಲಘು-ಗುರು ಎಂಬ ರಗಣ ಇಂಗ್ಲಿಷಿನ ಕೆ. ಲಘು-ಗುರು-ಲಘು ಎಂಬ ಜಗಣ ಆರ್. ಯಗಣ ಡಬ್ಲ್ಯೂ, ತಗಣ ಜಿ, ಭಗಣ ಡಿ, ಸಗಣ ಯು. ಮೂರು ಗುರುವಿನ ಮಗಣ ಓ, ಮೂರು ಲಘುವಿನ ನಗಣ ಎಸ್. ಹಾಗಾದರೆ ಹಡಗು ಮುಳುಗುವಾಗ ಕೂಗುವ ಎಸ್‌ಓಎಸ್ ಏನಾಯಿತು? ನ-ಮ-ನ. ನಮನ! ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. “ಬೆಳಿಗ್ಗೆ ಹೇಳಿ” ಎಂದು ಮಗ್ಗುಲು ಬದಲಿಸಿದಳು.

ಆದರೆ ಈ ಛಂದಸ್ಸೇ ನನಗೊಂದು ಕೆಟ್ಟ ಅಭ್ಯಾಸವನ್ನೂ ಕಲಿಸಿತು. ನಮ್ಮ ಗುರುವಿಗೆ ಎರಡು ಮಾತ್ರೆ. ಮೋರ್ಸ್‌ನ ಗೆರೆ ಚುಕ್ಕಿಯ ಮೂರರಷ್ಟು ಉದ್ದವಿರಬೇಕು. ಒಂದು ಅಕ್ಷರದೊಳಗಿನ ಗುರುತುಗಳ ನಡುವೆ ಒಂದು ಚುಕ್ಕಿಯಷ್ಟು ಬಿಡುವು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಈ ಬಿಡುವೇ ಮೋರ್ಸ್‌ನ ಜೀವ. ನಾನು ಒತ್ತಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಸಾಗರಕ್ಕೆ ಕಳಿಸುತ್ತಿದ್ದೆ, ಅಲ್ಲಿಂದ ಮೆಸೇಜು ಬರುತ್ತಿತ್ತು: ‘ನಿಮ್ಮ ಗುರುವಿಗೆ ತೂಕ ಸಾಲದು ಮಾರಾಯ್ರೆ.’ ಎರಡೇ ಪದದ ಮೆಸೇಜುಗಳು ಆಗಲೇ ನಾಲ್ಕು ಸಾಲಿಗೆ ಬೆಳೆದಿದ್ದವು.

2018ರಲ್ಲಿ ಬೆಂಗಳೂರಿನಲ್ಲಿ ಪರೀಕ್ಷೆ. ಸುತ್ತ ಕೂತವರೆಲ್ಲ ಇಂಜಿನಿಯರಿಂಗ್ ಹುಡುಗರು. ನಾನು ಒಳಗೆ ಹೋಗುತ್ತಿದ್ದಂತೆ ನಾಲ್ಕು ಜನ ಎದ್ದು ನಿಂತು “ಗುಡ್ ಮಾರ್ನಿಂಗ್ ಸರ್” ಎಂದರು. ಮೇಲ್ವಿಚಾರಕ ಎಂದುಕೊಂಡರೋ ಏನೋ. ಅವರ ಮಧ್ಯೆ ಹೋಗಿ ಬೆಂಚಿನಲ್ಲಿ ಕೂತಾಗ ಒಬ್ಬ ಹುಡುಗ ತನ್ನ ಹೆಚ್ಚುವರಿ ಪೆನ್ಸಿಲು ಕೊಟ್ಟ. ಮೋರ್ಸ್ ಕೇಳಿ ಬರೆಯುವಾಗ ಕೈ ನಡುಗಿತು. ಒಂದು ಅಕ್ಷರ ತಪ್ಪಿತೆಂದು ಯೋಚಿಸುತ್ತಾ ನಿಂತರೆ ಮುಂದಿನ ಐದು ಹೋಗುತ್ತವೆ. ತಪ್ಪಿದ್ದನ್ನು ಖಾಲಿ ಬಿಟ್ಟು ಮುಂದೆ ಹೋಗಬೇಕು. ನಗದು ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕೂತು ಹತ್ತು ಪೈಸೆ ಹುಡುಕಿದ ತಲೆಮಾರಿಗೆ ಇದು ಬಲು ಕಷ್ಟದ ಪಾಠ. ಹೇಗೋ ಪಾಸಾದೆ.

ಲೈಸೆನ್ಸ್ ಬರಲು ತಡವಾದದ್ದು ನನ್ನ ತಪ್ಪಿನಿಂದಲೇ. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಒಂದು ಇನಿಷಿಯಲ್, ಆಧಾರ್ ಕಾರ್ಡಿನಲ್ಲಿ ಎರಡು. ಜೀವಮಾನವೆಲ್ಲ ಗಿರಾಕಿಗಳ ಸಹಿ ತಾಳೆ ನೋಡಿದವನು ಸ್ವಂತ ಹೆಸರನ್ನು ನೋಡಿರಲಿಲ್ಲ. ಆಮೇಲೆ ಪರಿಶೀಲನೆಗೆಂದು ಮನೆಗೆ ಪೊಲೀಸ್ ಪೇದೆ ಬಂದ. ಚಿಕ್ಕ ವಯಸ್ಸಿನವನು. “ಏನ್ ಸಾರ್ ಈ ವಯಸ್ಸಲ್ಲಿ ವೈರ್‌ಲೆಸ್ಸು?” ಎಂದು ನಗುತ್ತಾ ಕೇಳಿದ. ನಾನೂ ನಗಬೇಕಿತ್ತು. ಹೆಂಡತಿ ಅವನಿಗೆ ಚಹಾ ತಂದಿಟ್ಟಳು. ಎದುರುಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ಆ ಕಿಟಕಿ, ಆ ಚಹಾ ಲೋಟ, ಆ ಖಾಕಿ ನೋಡಿದಾಗ ಮೂವತ್ತನಾಲ್ಕು ವರ್ಷದ ಹಿಂದಿನ ತೋಟದ ಮನೆಯ ಜಗಲಿ, ಅಲ್ಲಿ ಕೂತ ಆ ಮುದುಕ ತಂದೆ ಕಣ್ಮುಂದೆ ಬಂದರು. ಪೇದೆ ಹೋದ ಮೇಲೂ ನಾನು ಬಹಳ ಹೊತ್ತು ಎದ್ದಿರಲಿಲ್ಲ.

ಈ ದಾರಿಗೆ ಬರಬೇಕೆನ್ನುವವರಿಗೆ, ಮುಖ್ಯವಾಗಿ ಮಕ್ಕಳಿಗೆ, ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ. ಮೊದಲು ಕೇಳಿ. ಎಸ್‌ಎಸ್‌ಬಿ ಸೌಲಭ್ಯವಿರುವ ಶಾರ್ಟ್‌ವೇವ್ ರಿಸೀವರ್ ಒಂದಿದ್ದರೆ ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನ ಸುತ್ತ ನಮ್ಮ ದೇಶದ ಹ್ಯಾಮ್‌ಗಳ ಮಾತು ಕೇಳಿಸುತ್ತದೆ. ಮಾಮೂಲಿ ಟ್ರಾನ್ಸಿಸ್ಟರಿನಲ್ಲಿ ಅದೇ ಮಾತು ಮೂಗು ಹಿಡಿದುಕೊಂಡು ಮಾತಾಡಿದಂತೆ ಕೇಳಿಸುತ್ತದೆ. ಊರಲ್ಲಿ ಹ್ಯಾಮ್ ಕ್ಲಬ್ಬಿದ್ದರೆ ಹುಡುಕಿಕೊಂಡು ಹೋಗಿ. ಹೊಸಬರಿಗೆ ಹೇಳಿಕೊಡುವುದು ಅವರಿಗೆ ಹಬ್ಬ. ಪರೀಕ್ಷೆಗೆ ಅರ್ಜಿಯನ್ನು ಈಗ ದೂರಸಂಪರ್ಕ ಇಲಾಖೆಯ ‘ಸರಳ್ ಸಂಚಾರ್’ ಜಾಲತಾಣದಲ್ಲಿ ಹಾಕುತ್ತಾರೆ. ಬಜಾರಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೈಯಲ್ಲಿ ಹಿಡಿಯುವ ವಾಕಿ-ಟಾಕಿ ಕೊಂಡು ಗುಂಡಿ ಒತ್ತಬೇಡಿ. ಹ್ಯಾಮ್ ಸೆಟ್ಟುಗಳನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದೇ ತಪ್ಪು. ಅಪ್ಪ, ಮಗಳು ತೋಟದಲ್ಲಿ ಮಾತಾಡಿಕೊಳ್ಳುವಷ್ಟು ಸಾಕು ಎನ್ನುವವರಿಗೆ 446 ಮೆಗಾಹರ್ಟ್ಸ್‌ನ, ಲೈಸೆನ್ಸ್ ಬೇಡದ ಸಣ್ಣ ಶಕ್ತಿಯ ಸೆಟ್ಟುಗಳಿವೆ, ಅವು ಬೇರೆ. ನಾನಂತೂ ಲೈಸೆನ್ಸ್ ಕೈಗೆ ಬಂದ ಮೇಲೆಯೇ ಸೆಟ್ ತರಿಸಿದೆ. ಹೈದರಾಬಾದಿನ ಹ್ಯಾಮ್ ಅಶ್ಹರ್ ಫರ್ಹಾನ್ ಅವರು ವಿನ್ಯಾಸ ಮಾಡಿದ ‘ಮೈಕ್ರೊಬಿಟ್‌ಎಕ್ಸ್’. ಜೋಡಿಸಿದ ಬೋರ್ಡು ಬರುತ್ತದೆ, ಪೆಟ್ಟಿಗೆ, ವೈರು, ಗುಂಡಿಗಳನ್ನು ನಾವು ಹಾಕಿಕೊಳ್ಳಬೇಕು. ಶಕ್ತಿ ಹತ್ತು ವಾಟ್, ನಿಮ್ಮ ಮನೆಯ ಎಲ್‌ಇಡಿ ಬಲ್ಬಿನಷ್ಟು. ಸೋಲ್ಡರ್ ಮಾಡುವಾಗ ಎರಡು ಬೆರಳು ಸುಟ್ಟುಕೊಂಡೆ, ಮೂರನೆಯ ದಿನ ಅದು ಉಸಿರಾಡಿತು.

ಏರಿಯಲ್ ಎಂದರೆ ದೊಡ್ಡ ಗೋಪುರ ಬೇಕಿಲ್ಲ. 7 ಮೆಗಾಹರ್ಟ್ಸ್‌ಗೆ ತಲಾ ಹತ್ತು ಮೀಟರಿನ ಎರಡು ತಂತಿ ಸಾಕು, ಡೈಪೋಲ್ ಎನ್ನುತ್ತಾರೆ. ನೀರಿನ ಟ್ಯಾಂಕಿನ ಕಂಬದಿಂದ ಹಿತ್ತಲಿನ ತೆಂಗಿನಮರಕ್ಕೆ ಕಟ್ಟಿದೆ. ಮರುದಿನ ಅದರ ಮೇಲೆ ಹೆಂಡತಿಯ ಎರಡು ಸೀರೆ, ನನ್ನದೊಂದು ಪಂಚೆ ಒಣಗುತ್ತಿದ್ದವು. ಒಳಗೆ ಬಂದು ಸೆಟ್ ಹಾಕಿದರೆ ಬರೀ ಗರ್ ಎಂಬ ಶಬ್ದ. ಎರಡು ವಾರ ಅಕ್ಕಪಕ್ಕದ ಮನೆಯವರನ್ನೆಲ್ಲ ಮನಸ್ಸಿನಲ್ಲೇ ಬೈದೆ. ಕ್ಯಾಷಿಯರ್ ಮೆಸೇಜು ಕಳಿಸಿದರು: ‘ಸೆಟ್ ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ.’ ಆರಿಸಿದೆ. ಗರ್ ಎನ್ನುವುದು ನಿಂತಿತು. ಕಳ್ಳ ನಮ್ಮ ಮನೆಯ ಇನ್ವರ್ಟರ್.

2019ರ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಗೊತ್ತು ಮಾಡಿದೆವು. ಕರೆದೆ, ಕರೆದೆ, ಕರೆದೆ. ದೂರದ ಉತ್ತರ ಭಾರತದವರು ಚೆನ್ನಾಗಿ ಕೇಳುತ್ತಿದ್ದರು. ನೇರ ಗೆರೆ ಎಳೆದರೆ ಸುಮಾರು 270 ಕಿ.ಮೀ. ದೂರದ ಸಾಗರ ಮಾತ್ರ ಇಲ್ಲ. ಮುಂದಿನ ವಾರವೂ ಅಷ್ಟೇ. ಎಲ್ಲಿ ತಪ್ಪಿದೆನೋ ಎಂದು ಬೋರ್ಡನ್ನೆಲ್ಲ ಬಿಚ್ಚಿದೆ. ತಪ್ಪು ಇದ್ದದ್ದು ಬೋರ್ಡಿನಲ್ಲಲ್ಲ, ಆಕಾಶದಲ್ಲಿ. ನಮ್ಮ ಅಲೆ ಮೇಲಕ್ಕೆ ಹೋಗಿ, ಇನ್ನೂರು ಮುನ್ನೂರು ಕಿ.ಮೀ. ಎತ್ತರದ ಅಯಾನುಗೋಳದಿಂದ ಬಾಗಿ ಕೆಳಗೆ ಬರಬೇಕು. ಹತ್ತಿರದ ಊರಿಗಾದರೆ ಅದು ಹೆಚ್ಚುಕಡಿಮೆ ನೆಟ್ಟಗೆ ಹೋಗಿ ನೆಟ್ಟಗೆ ಬರಬೇಕು. ಆ ಪದರಕ್ಕೆ ಶಕ್ತಿ ಕೊಡುವವನು ಸೂರ್ಯ. ಬೆಳಗಿನ ಜಾವ ಅದು ತೆಳ್ಳಗಿರುತ್ತದೆ, ನೆಟ್ಟಗೆ ಹೋದ ಅಲೆ ತೂತು ಹಾಕಿಕೊಂಡು ಹೊರಟೇ ಹೋಗುತ್ತದೆ. ಓರೆಯಾಗಿ ಹೋದದ್ದು ಮಾತ್ರ ಬಾಗಿ ದೂರದ ಊರಿಗೆ ಬೀಳುತ್ತದೆ. ಅದೂ 2019 ಸೂರ್ಯನ ಕಲೆಗಳು ತೀರಾ ಕಡಿಮೆಯಿದ್ದ ವರ್ಷ. ‘ಬಿಸಿಲು ಏರಲಿ, ಒಂಬತ್ತಕ್ಕೆ ಬನ್ನಿ’ ಎಂದರು ಕ್ಯಾಷಿಯರ್.

ಒಂಬತ್ತಕ್ಕೆ ಬಂದರು. ಮಳೆ ಹುಳದ ಹಾಗೆ ಸಣ್ಣಗೆ, ಆದರೆ ಸ್ಪಷ್ಟವಾಗಿ, ನನ್ನ ಕರೆಸಂಕೇತ. ಅದನ್ನು ಒತ್ತುತ್ತಿರುವ ಬೆರಳು ಯಾರದೆಂದು ನನಗೆ ತಕ್ಷಣ ಗೊತ್ತಾಯಿತು. ಮೋರ್ಸ್‌ನಲ್ಲೂ ಕೈಬರಹವಿದೆ ಎಂದು ಹೇಳುತ್ತಾರೆ, ನಾನು ನಂಬಿರಲಿಲ್ಲ. ಗೆರೆಯ ಕೊನೆಯಲ್ಲಿ ಒಂದು ಕೂದಲೆಳೆಯಷ್ಟು ನಿಧಾನ, ನೋಟಿನ ಕಟ್ಟನ್ನು ಕೌಂಟರಿನ ಮೇಲೆ ಇಡುವಾಗ ಇರುತ್ತಿತ್ತಲ್ಲ, ಅದೇ.

ಮೊದಲ ದಿನ ಹೆಸರು, ಊರು, ಹವೆ ಅಷ್ಟೇ. ಬೆವರಿನಲ್ಲಿ ತೊಯ್ದುಹೋಗಿದ್ದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನೇ ಒತ್ತುತ್ತಿದ್ದೆವು. ಇನ್ನೊಂದು ಭಾನುವಾರ, ಯುಗಾದಿ ಕಳೆದ ಮೇಲೆ, ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಂಡು ಕೂತೆ. ಹ್ಯಾಮ್ ಮಾತಿಗೆ ಗುಟ್ಟಿಲ್ಲ. ಸಂಕೇತ ಭಾಷೆ ಬಳಸುವಂತಿಲ್ಲ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ಆಗಲಿ ಎಂದುಕೊಂಡೆ. ಸುದ್ದಿ ಹಬ್ಬಿಸಿದ್ದೂ ಬೀದಿಯಲ್ಲೇ ತಾನೆ. ‘84ರಲ್ಲಿ ಸ್ಪೈ ಎಂದು ಊರೆಲ್ಲ ಹೇಳಿದವನು ನಾನು. ಪೊಲೀಸ್ ಬಂದದ್ದು ನನ್ನಿಂದ. ಕ್ಷಮಿಸಿ.’ ಇಷ್ಟನ್ನು ಒತ್ತಲು ಎರಡು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಬಾಯಲ್ಲಾಗಿದ್ದರೆ ಅರ್ಧದಲ್ಲೇ ತಮಾಷೆ ಮಾಡಿ ತಿರುಗಿಸಿಬಿಡುತ್ತಿದ್ದೆ. ಕೀ ಹಾಗೆ ಬಿಡುವುದಿಲ್ಲ, ಒಂದೊಂದೇ ಅಕ್ಷರ ಒತ್ತಿಸುತ್ತದೆ. ಎರಡು ಕಡೆ ತಪ್ಪಿ ಮತ್ತೆ ಒತ್ತಿದೆ.

ಆ ಕಡೆ ಸುಮ್ಮನಾಯಿತು. ಹೊಗೆಯಂಥ ಶಬ್ದ ಮಾತ್ರ. ತಂತಿ ಕಳಚಿತೇ ಎಂದು ನೋಡಿದೆ. ಆಮೇಲೆ ಬಂತು: ‘ಗೊತ್ತು ಮಾರಾಯ್ರೆ. ಆ ಪೇದೆಯೇ ಅವತ್ತು ಹೇಳಿದ್ದ. ಮೈಸೂರಲ್ಲಿ ಮಳೆ ಉಂಟಾ?’

ಮೋರ್ಸ್ ಒತ್ತುವವರು ಒಂದೊಂದು ಅಕ್ಷರವನ್ನೂ ಉಳಿಸುತ್ತಾರೆ. ಅವರಂತೂ ನನ್ನ ಹೆಸರನ್ನೇ ಎರಡಕ್ಷರ ಮಾಡಿಕೊಂಡಿದ್ದರು. ಅಂಥವರು ‘ಮಾರಾಯ್ರೆ’ ಎಂಬುದನ್ನು ಪೂರ್ತಿ ಒತ್ತಿದ್ದರು. ನಾನು ಕನ್ನಡಕ ತೆಗೆದು ಒರೆಸಿಕೊಂಡು, ಮಳೆ ಇಲ್ಲ, ಸೆಕೆ ಎಂದು ಉತ್ತರಿಸಿದೆ. ಮುಗಿಸುವಾಗ ಶುಭಾಶಯದ ಗುರುತಾಗಿ ‘73’ ಹೇಳುವುದು ರೂಢಿ. ಇಬ್ಬರೂ ಹೇಳಿದೆವು. ಅದರ ಹಿಂದೆಯೇ ಯಾರೋ ಮೂರನೆಯವರು, ಹೆಸರಿಲ್ಲದೆ ಊರಿಲ್ಲದೆ, ಮೆತ್ತಗೆ ‘ಡಿಟ್ ಡಿಟ್’ ಎಂದು ಎರಡು ಚುಕ್ಕಿ ಒತ್ತಿ ಹೋದರು. ಹೋಗಿಬರುತ್ತೇನೆ ಎನ್ನಲು ಹ್ಯಾಮ್‌ಗಳು ಹಾಗೆ ಮಾಡುವುದುಂಟು. ಅವರಿಗೆ ಕನ್ನಡ ಬರುತ್ತಿತ್ತೋ ಇಲ್ಲವೋ.

ಮೊಬೈಲ್ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಕೇಳುವವರಿಗೆ ಕ್ಯಾಷಿಯರ್ ಅಂಡಮಾನಿನ ಕಥೆ ಬರೆದು ತೋರಿಸುತ್ತಾರೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆಯ ನೇತೃತ್ವದಲ್ಲಿ ಒಂದು ತಂಡ ಪೋರ್ಟ್ ಬ್ಲೇರಿಗೆ ಹೋಗಿ, ಅಪರೂಪದ ಆ ದ್ವೀಪದಿಂದ ಪ್ರಪಂಚದ ಹ್ಯಾಮ್‌ಗಳ ಜೊತೆ ಮಾತಾಡುತ್ತಿತ್ತು. 26ರ ಬೆಳಿಗ್ಗೆ ಸುನಾಮಿ ಬಂತು. ಫೋನುಗಳು ಸತ್ತುಹೋದಾಗ ಆಟಕ್ಕೆಂದು ತಂದ ಅದೇ ಸೆಟ್ಟುಗಳಿಂದ ದ್ವೀಪದವರ ಕ್ಷೇಮ ಸಮಾಚಾರ ಹೊರಗಿನವರಿಗೆ ತಲುಪಿತು. ಮೊಮ್ಮಗಳಿಗೆ ಮಾತ್ರ ಮೇಲಿನದೇ ಧ್ಯಾನ. 2005ರ ಮೇ 5ರಂದು ಇಸ್ರೊ ಹ್ಯಾಮ್‌ಗಳಿಗೆಂದೇ ‘ಹ್ಯಾಮ್‌ಸ್ಯಾಟ್’ ಉಪಗ್ರಹ ಹಾರಿಸಿತ್ತು, ಅದು ಒಂಬತ್ತು ವರ್ಷ ದುಡಿಯಿತು. ನಾನು ಬರುವಷ್ಟರಲ್ಲಿ ಮೌನವಾಗಿತ್ತು ಎಂದು ಅವಳಿಗೆ ಈಗಲೂ ಬೇಸರ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಹ್ಯಾಮ್ ರೇಡಿಯೊದಲ್ಲಿ ನಮ್ಮ ಶಾಲಾ ಮಕ್ಕಳ ಜೊತೆ ಮಾತಾಡಿದ ದಿನ ಅವಳು ಊಟವನ್ನೇ ಮಾಡಲಿಲ್ಲ. ಹದಿಮೂರಕ್ಕೇ ಜನರಲ್ ದರ್ಜೆ ಪಾಸು ಮಾಡಿದ ಹುಡುಗಿ. ನಿಮಿಷಕ್ಕೆ ಹದಿನೆಂಟು ಪದ ಕೇಳುತ್ತಾಳೆ, ನಾನು ಹತ್ತಕ್ಕೇ ನಿಂತಿದ್ದೇನೆ.

ಕ್ಯಾಷಿಯರಿಗೆ ಈಗ ಎಪ್ಪತ್ತೇಳು. ಕೈ ಸ್ವಲ್ಪ ನಡುಗುತ್ತದೆ, ಚುಕ್ಕಿಗಳು ಒಮ್ಮೊಮ್ಮೆ ಒಂದು ಹೆಚ್ಚಾಗುತ್ತವೆ. ಎಸ್ ಎಂಬುದು ಎಚ್ ಆಗಿ ಬಂದರೆ ನಾನು ಎಸ್ ಎಂದೇ ಬರೆದುಕೊಳ್ಳುತ್ತೇನೆ. ನನ್ನ ಗುರುವಿಗೆ ತೂಕ ಸಾಲದು ಎಂದು ಅವರು ಹೇಳುವುದು ಮಾತ್ರ ನಿಂತಿಲ್ಲ. ಕಳೆದ ವಾರ ಕೊನೆಗೌಡನ ಮಗ ಬಂದು ಏರಿಯಲನ್ನು ಇನ್ನೂ ಎತ್ತರದ ಮರಕ್ಕೆ ಕಟ್ಟಿಕೊಟ್ಟಿದ್ದಾನಂತೆ. ಎಷ್ಟು ಜೋರಾಗಿ ಕೇಳಿಸುತ್ತದೆ, ನಾಳೆ ಹೇಳಬೇಕಂತೆ. ನಾಳೆ ಭಾನುವಾರ. ತಂತಿಯ ಮೇಲೆ ಸೀರೆ ಹಾಕಬೇಡ ಎಂದು ಹೆಂಡತಿಗೆ ಹೇಳಿಟ್ಟಿದ್ದೇನೆ.